ಲೋವೆಲ್ ಗಿರಣಿಯ ಹುಡುಗಿಯರು

ಅಮೆರಿಕದ ಮಹಿಳೆಯರ ಚರಿತ್ರೆ ಎಂದೊಡನೆ ನೆನಪಾಗುವುದು ಮತದಾನದ ಹಕ್ಕಿನ ಹೋರಾಟ, 1920ರ ಸಂವಿಧಾನ ತಿದ್ದುಪಡಿ. ಅದಕ್ಕೆ ಸುಮಾರು ನೂರು ವರ್ಷ ಮೊದಲು ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಎಂಬ ಊರಿನಲ್ಲಿ ಇನ್ನೊಂದು ಕಥೆ ಆರಂಭವಾಗಿತ್ತು. ಅದು ಸಂಬಳದ ಕಥೆ.

1820ರ ದಶಕದಲ್ಲಿ ಮೆರಿಮ್ಯಾಕ್ ನದಿಯ ನೀರಿನ ಬಲದಿಂದ ಇಲ್ಲಿ ಹತ್ತಿಬಟ್ಟೆಯ ಗಿರಣಿಗಳು ತಿರುಗತೊಡಗಿದವು. ದುಡಿಯಲು ಬಂದವರಲ್ಲಿ ಹೆಚ್ಚಿನವರು ಸುತ್ತಲಿನ ರೈತಾಪಿ ಮನೆಗಳ ಮದುವೆಯಾಗದ ಹೆಣ್ಣುಮಕ್ಕಳು. ಹೆತ್ತವರಿಗೆ ಧೈರ್ಯ ಬರಲೆಂದು ಕಂಪನಿಗಳೇ ವಸತಿಗೃಹಗಳನ್ನು ಕಟ್ಟಿಸಿದವು. ರಾತ್ರಿ ಹತ್ತಕ್ಕೆ ಬಾಗಿಲು ಬಂದ್. ಬೆಳಗಿನ ಗಂಟೆ ಬಾರಿಸಿತೆಂದರೆ ಹನ್ನೆರಡು, ಹದಿಮೂರು ತಾಸಿನ ದುಡಿತ. ನೂಲು ಕಡಿಯದಿರಲೆಂದು ಕಿಟಕಿ ಮುಚ್ಚಿದ ಕೋಣೆ, ಹತ್ತಿಯ ದೂಳು, ಮಗ್ಗಗಳ ಗದ್ದಲ.

ಆದರೂ ಏಕೆ ಬಂದರು? ಕೈಗೆ ನಗದು ಸಿಗುತ್ತಿತ್ತು. ಹೊಲ, ಹಟ್ಟಿ, ಅಡುಗೆಮನೆಗಳಲ್ಲಿ ಎಷ್ಟು ದುಡಿದರೂ ಕಾಸು ಕಾಣದವರಿಗೆ ಇದು ಸಣ್ಣ ಮಾತಲ್ಲ. ಕೆಲವರು ಅಣ್ಣತಮ್ಮಂದಿರ ಓದಿಗೆ ಕಳುಹಿಸಿದರು, ಕೆಲವರು ಬ್ಯಾಂಕಿನಲ್ಲಿ ಕೂಡಿಟ್ಟರು. ಮದುವೆಯಾದರೆ ಮಾತ್ರ ಕಥೆ ಬೇರೆ. ಅಂದಿನ ಕಾನೂನಿನಂತೆ ಹೆಂಡತಿಯ ಗಳಿಕೆ ಗಂಡನದು. ಮ್ಯಾಸಚೂಸೆಟ್ಸ್‌ನಲ್ಲಿ ಅದು ಬದಲಾದದ್ದು 1855ರಲ್ಲಿ.

1834ರಲ್ಲಿ ಕೂಲಿ ಕಡಿತವಾದಾಗ ಹುಡುಗಿಯರು ಮಗ್ಗ ನಿಲ್ಲಿಸಿ ಬೀದಿಗಿಳಿದರು, ಸೋತರು. 1836ರಲ್ಲಿ ಊಟ ವಸತಿಯ ದರ ಏರಿದಾಗ ಮತ್ತೆ ಮುಷ್ಕರ. ಒಂದು ಕೋಣೆಯಲ್ಲಿ ಹಿರಿಯರು ಹೋಗುವುದೋ ಬೇಡವೋ ಎಂದು ಅನುಮಾನಿಸುತ್ತಿದ್ದಾಗ ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಹನ್ನೊಂದರ ಬಾಲೆ ತಾನೇ ಮುಂದಾಗಿ ಹೊರನಡೆದಳು. ಉಳಿದವರು ಹಿಂಬಾಲಿಸಿದರು. ಅವಳ ವಿಧವೆ ತಾಯಿ ಕಂಪನಿಯ ವಸತಿಗೃಹ ನಡೆಸುತ್ತಿದ್ದವರು. ದೊಡ್ಡ ಹುಡುಗಿಯರ ಮಾತಿರಲಿ, ಸ್ವಂತ ಮಗಳನ್ನಾದರೂ ತಡೆಯಬಾರದಿತ್ತೇ ಎಂದು ಕೇಳಿ ಆಕೆಯ ಕೆಲಸವನ್ನೇ ಕಿತ್ತುಕೊಂಡರು. 1898ರಲ್ಲಿ ಪ್ರಕಟವಾದ ತಮ್ಮ ನೆನಪಿನ ಪುಸ್ತಕದಲ್ಲಿ ಹ್ಯಾರಿಯೆಟ್ ಇದನ್ನು ಬರೆದಿದ್ದಾರೆ. ಅಂದು ಹೊರನಡೆದದ್ದರ ಬಗ್ಗೆ ಅವರಿಗೆ ಕೊನೆಗೂ ಹೆಮ್ಮೆಯೇ ಇತ್ತು.

ಮುಂದೆ ಸಾರಾ ಬ್ಯಾಗ್ಲಿಯಂಥವರು ಸಂಘ ಕಟ್ಟಿ ಹತ್ತು ತಾಸಿನ ದಿನಕ್ಕಾಗಿ ಅರ್ಜಿ ಹಾಕಿದರು. 1845ರಲ್ಲಿ ಶಾಸನಸಭೆಯ ಸಮಿತಿ ಅವರ ಸಾಕ್ಷ್ಯ ಕೇಳಿಸಿಕೊಂಡಿತು, ಆದರೆ ಕಾನೂನು ಮಾಡಲು ಒಪ್ಪಲಿಲ್ಲ. ರಾಜ್ಯದಲ್ಲಿ ಹೆಂಗಸರಿಗೆ ಆ ಮಿತಿ ಬಂದದ್ದು 1874ರಲ್ಲಿ. ಅಷ್ಟು ಹೊತ್ತಿಗೆ ಆ ಮಗ್ಗಗಳ ಮುಂದೆ ಐರ್ಲೆಂಡಿನಿಂದ ವಲಸೆ ಬಂದವರು ನಿಂತಿದ್ದರು.

ಇನ್ನೊಂದು ಮಾತು. ಮುಷ್ಕರದ ದಿನಗಳಲ್ಲಿ ಈ ಹುಡುಗಿಯರು ತಮ್ಮ ಪಾಡನ್ನು ಗುಲಾಮಗಿರಿಗೆ ಹೋಲಿಸುತ್ತಿದ್ದರು. ಅವರ ಗಿರಣಿಗೆ ಬರುತ್ತಿದ್ದ ಹತ್ತಿಯನ್ನು ದಕ್ಷಿಣದ ತೋಟಗಳಲ್ಲಿ ಬಿಡಿಸುತ್ತಿದ್ದವರು ನಿಜವಾಗಿ ಗುಲಾಮರಾಗಿದ್ದ ಕಪ್ಪು ಗಂಡಸರು, ಹೆಂಗಸರು, ಮಕ್ಕಳು. ಅವರಿಗೆ ಸಂಬಳವಿಲ್ಲ; ಹೆತ್ತ ಮಕ್ಕಳೂ ಒಡೆಯನ ಆಸ್ತಿ. ನೆಯ್ದ ಒರಟು ಬಟ್ಟೆ ಮತ್ತೆ ಅದೇ ತೋಟಗಳಿಗೆ, ಅವರ ಮೈಮುಚ್ಚಲು ಹೋಗುತ್ತಿತ್ತು. ಅಲ್ಲಿ ಆ ಬಟ್ಟೆಗೆ ಲೋವೆಲ್ ಎಂದೇ ಹೆಸರಿತ್ತು.