ಮೋಡದ ತಿಂಗಳುಗಳಲ್ಲಿ ನಕ್ಷತ್ರ ಛಾಯಾಗ್ರಹಣ



ನಕ್ಷತ್ರಗಳ ಚಿತ್ರ ತೆಗೆಯುವುದು ಇಂದು ಸಿರಿವಂತರಿಗೆ ಮಾತ್ರ ಮೀಸಲಾದ ಹವ್ಯಾಸವಲ್ಲ. ಯಾರೋ ಬಳಸಿ ಮಾರಿದ ಒಂದು ಡಿಜಿಟಲ್ ಕ್ಯಾಮೆರಾ, ಅದೂ ಇಲ್ಲವಾದರೆ ಕೈಯಲ್ಲಿರುವ ಮೊಬೈಲ್ ಫೋನು, ಅಲುಗಾಡದ ಒಂದು ಟ್ರೈಪಾಡ್ ಇದ್ದರೆ ಆರಂಭಕ್ಕೆ ಸಾಕು. ಆದರೆ ನಮ್ಮ ನಾಡಿನಲ್ಲಿ ಈ ಹವ್ಯಾಸಕ್ಕೆ ಬೇರೊಂದು ಅಡ್ಡಿಯಿದೆ. ಜೂನ್‌ನಲ್ಲಿ ಮುಂಗಾರು ಕವಿಯುತ್ತದೆ. ಅದು ಹಿಂದೆ ಸರಿಯುವ ಹೊತ್ತಿಗೆ ಹಿಂಗಾರು ಬರುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಂತೂ ವಾರಗಟ್ಟಲೆ ಒಂದು ನಕ್ಷತ್ರವೂ ಕಾಣದು. ಬೇಸಗೆಯಲ್ಲಿ ಉತ್ಸಾಹದಿಂದ ಆರಂಭಿಸಿದ ಎಷ್ಟೋ ಮಂದಿ ಆಗಸ್ಟ್ ಹೊತ್ತಿಗೆ ಕ್ಯಾಮೆರಾವನ್ನು ಬೀರುವಿನೊಳಗಿಟ್ಟು ಮರೆತುಬಿಡುತ್ತಾರೆ. ಮೋಡ ಸರಿದ ಮೇಲೆ ಅದನ್ನು ಮತ್ತೆ ಹೊರತೆಗೆಯುವವರು ಕೆಲವರೇ.

ಹಾಗೆ ಮರೆಯಬೇಕಾಗಿಲ್ಲ ಎಂಬುದೇ ಈ ಮಾತುಗಳ ಸಾರ. ಮೋಡದ ತಿಂಗಳುಗಳು ಈ ಹವ್ಯಾಸದ ರಜೆಯಲ್ಲ, ಅದರ ಅರ್ಧ ಕೆಲಸ ನಡೆಯಬೇಕಾದ ಕಾಲ.

ನಮ್ಮ ರೈತರ ಪಂಚಾಂಗವನ್ನೇ ನೋಡಿ. ರೋಹಿಣಿ, ಮೃಗಶಿರಾ, ಆರಿದ್ರಾ, ಮಖೆ, ಚಿತ್ತೆ, ಸ್ವಾತಿ ಎಂದು ನಾವು ಮಳೆಗಳಿಗೆ ಇಟ್ಟಿರುವ ಹೆಸರುಗಳೆಲ್ಲ ನಕ್ಷತ್ರಗಳವೇ. ಸೂರ್ಯ ಯಾವ ನಕ್ಷತ್ರದ ದಿಕ್ಕಿನಲ್ಲಿರುವನೋ ಆಗ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಎಂದರೆ ಜೂನ್ ಕೊನೆಯ ವಾರ ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಸೂರ್ಯನ ಪ್ರಭೆಯಲ್ಲಿ ಮುಳುಗಿರುತ್ತದೆ. ಮೋಡವಿಲ್ಲದಿದ್ದರೂ ಅದು ನಮಗೆ ಕಾಣುತ್ತಿರಲಿಲ್ಲ. ಆರು ತಿಂಗಳು ಕಳೆದರೆ, ಡಿಸೆಂಬರ್ ಕೊನೆಯ ತಿಳಿಯಾದ ಚಳಿಗಾಲದ ರಾತ್ರಿಗಳಲ್ಲಿ, ಅದೇ ಆರಿದ್ರಾ ಮಹಾವ್ಯಾಧನ ಹೆಗಲ ಮೇಲೆ ಕೆಂಪಗೆ ಸಂಜೆಯಿಂದ ಬೆಳಗಿನವರೆಗೂ ಹೊಳೆಯುತ್ತದೆ. ಆಗಸ್ಟ್‌ನ ಮಖೆ ಮಳೆಯ ನಕ್ಷತ್ರವನ್ನು ಫೆಬ್ರವರಿಯಲ್ಲಿ, ಅಕ್ಟೋಬರಿನ ಚಿತ್ತೆ ಮಳೆಯ ನಕ್ಷತ್ರವನ್ನು ಏಪ್ರಿಲ್‌ನಲ್ಲಿ ರಾತ್ರಿಯಿಡೀ ನೋಡಬಹುದು. ಮಳೆ ಬೀಳುವಾಗ ಬಿತ್ತನೆ, ಮಳೆ ನಿಂತ ಮೇಲೆ ಕೊಯ್ಲು ಎಂಬ ಕ್ರಮ ಇಲ್ಲಿಯೂ ಹೊಂದುತ್ತದೆ.

ಹಾಗಾದರೆ ಬಿತ್ತುವುದೇನು? ಮೊದಲನೆಯದು ಸಾಧನ. ಭೂಮಿ ತನ್ನ ಸುತ್ತ ತಿರುಗುವುದರಿಂದ ಆಕಾಶ ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತದೆ. ಸ್ಥಿರವಾಗಿ ನಿಂತ ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಚುಕ್ಕೆಗಳಾಗಿ ಉಳಿಯದೆ ಗೆರೆಗಳಾಗುತ್ತವೆ. 500 ಎಂಬ ಸಂಖ್ಯೆಯನ್ನು ಮಸೂರದ ನಾಭಿದೂರದಿಂದ ಭಾಗಿಸಿದರೆ ಎಷ್ಟು ಸೆಕೆಂಡು ತೆರೆದಿಡಬಹುದೆಂಬ ಅಂದಾಜು ಸಿಗುತ್ತದೆ. 50 ಮಿಲಿಮೀಟರ್ ಮಸೂರಕ್ಕೆ ಅದು 10 ಸೆಕೆಂಡು. ಕ್ಯಾಮೆರಾದ ಸಂವೇದಕ ಚಿಕ್ಕದಾದರೆ ಇನ್ನೂ ಕಡಿಮೆ. ಇಷ್ಟು ಅಲ್ಪಕಾಲದಲ್ಲಿ ಮಂದವಾದ ನೀಹಾರಿಕೆಗಳು ಸರಿಯಾಗಿ ಮೂಡಲಾರವು.

ಇದಕ್ಕೆ ಪರಿಹಾರವನ್ನು 1970ರ ದಶಕದಲ್ಲಿ ಜಿ. ವೈ. ಹೇಗ್ ಎಂಬ ಹವ್ಯಾಸಿ ಕಂಡುಹಿಡಿದರು. ಅವರು ಮೋಡಕ್ಕೆ ಹೆಸರಾದ ಸ್ಕಾಟ್ಲೆಂಡಿನವರು ಎಂಬುದು ಗಮನಿಸಬೇಕಾದ ಸಂಗತಿ. ಎರಡು ಹಲಗೆಗಳನ್ನು ಪುಸ್ತಕದ ರಟ್ಟುಗಳಂತೆ ಒಂದು ತುದಿಯಲ್ಲಿ ಬಾಗಿಲ ಕೀಲಿನಿಂದ ಜೋಡಿಸಿ. ಕೀಲಿನ ಕಡ್ಡಿಯಿಂದ ಸರಿಯಾಗಿ 229 ಮಿಲಿಮೀಟರ್ ದೂರದಲ್ಲಿ ಕೆಳಗಿನ ಹಲಗೆಗೆ ತೂತು ಕೊರೆದು, ಅಲ್ಲಿ ಒಂದು ನಟ್ಟನ್ನು ಭದ್ರವಾಗಿ ಕೂರಿಸಿ, 6 ಮಿಲಿಮೀಟರ್ ದಪ್ಪದ ಸಾಧಾರಣ ಬೋಲ್ಟನ್ನು ಹಾಕಿ. ಈ ಬೋಲ್ಟು ಒಂದು ಸುತ್ತಿಗೆ ಒಂದು ಮಿಲಿಮೀಟರ್ ಮೇಲೇರಿ ಮೇಲಿನ ಹಲಗೆಯನ್ನು ತಳ್ಳುತ್ತದೆ. ಗಡಿಯಾರ ನೋಡಿಕೊಂಡು ನಿಮಿಷಕ್ಕೆ ಒಂದು ಸುತ್ತು ಸಮನಾಗಿ ತಿರುಗಿಸಿದರೆ ಮೇಲಿನ ಹಲಗೆ, ಅದರ ಮೇಲಿನ ಕ್ಯಾಮೆರಾ, ಆಕಾಶದ ವೇಗದಲ್ಲೇ ತಿರುಗುತ್ತವೆ. ಹತ್ತು ಸೆಕೆಂಡಿನ ಬದಲು ಎರಡು ಮೂರು ನಿಮಿಷ ಬೆಳಕು ಹಿಡಿಯಬಹುದು. ಹಾರ್ಡ್‌ವೇರ್ ಅಂಗಡಿಯ ಸಾಮಾನು, ಬಡಗಿಯ ಒಂದು ಗಂಟೆಯ ಕೆಲಸ, ಅಷ್ಟೆ.

ಈ ಹಲಗೆಗಳ ಕೀಲು ಧ್ರುವದ ಕಡೆ ನೋಡುತ್ತಿರಬೇಕು. ಉತ್ತರಕ್ಕೆ ಮುಖ ಮಾಡಿ ನಿಂತಾಗ ಕೀಲು ನಿಮ್ಮ ಎಡಗಡೆಗೆ ಬರಬೇಕು. ಧ್ರುವದ ಎತ್ತರ ನಿಮ್ಮ ಊರಿನ ಅಕ್ಷಾಂಶದಷ್ಟೇ. ಬೆಂಗಳೂರು, ಮಂಗಳೂರುಗಳಲ್ಲಿ ಸುಮಾರು 13 ಡಿಗ್ರಿ, ಧಾರವಾಡದಲ್ಲಿ ಹದಿನೈದೂವರೆ, ಬೀದರಿನಲ್ಲಿ 18. ಇಷ್ಟು ತಗ್ಗಿನಲ್ಲಿರುವ ಧ್ರುವನಕ್ಷತ್ರ ಮನೆ, ಮರಗಳ ಮರೆಯಲ್ಲೋ ದಿಗಂತದ ಮಬ್ಬಿನಲ್ಲೋ ಅಡಗಿರುವುದೇ ಹೆಚ್ಚು. ಆದ್ದರಿಂದ ಆ ಕೋನಕ್ಕೆ ಒಂದು ಮರದ ಬೆಣೆಯನ್ನು ಮೊದಲೇ ಕೊಯ್ಸಿಟ್ಟುಕೊಳ್ಳಿ. ಉತ್ತರ ದಿಕ್ಕನ್ನು ಗುರುತಿಸಲು ನಮ್ಮ ಹಿಂದಿನವರ ಶಂಕುವಿನ ವಿಧಾನವೇ ಸಾಕು. ತಾರಸಿಯ ಮೇಲೆ ಒಂದು ವೃತ್ತ ಬರೆದು ನಡುವೆ ನೇರವಾದ ಕೋಲು ನಿಲ್ಲಿಸಿ. ಅದರ ನೆರಳಿನ ತುದಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ವೃತ್ತವನ್ನು ಮುಟ್ಟುವ ಬಿಂದುಗಳನ್ನು ಸೇರಿಸಿದರೆ ಪೂರ್ವಪಶ್ಚಿಮ ರೇಖೆ. ಅದಕ್ಕೆ ಲಂಬವಾದುದು ಉತ್ತರದಕ್ಷಿಣ. ಬಿಸಿಲು ಬಿದ್ದ ಒಂದು ದಿನ ಬಣ್ಣದಲ್ಲಿ ಈ ಗೆರೆ ಎಳೆದಿಟ್ಟರೆ ವರ್ಷವೆಲ್ಲ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಮೋಡದಡಿಯಲ್ಲೇ ತೆಗೆಯಬಹುದಾದ ಚಿತ್ರಗಳು. ಹೌದು, ಅಂಥವೂ ಇವೆ. ಕ್ಯಾಮೆರಾದ ಸಂವೇದಕ ಕತ್ತಲಲ್ಲಿಯೂ ತನ್ನದೇ ಆದ ಸುಳ್ಳು ಚುಕ್ಕೆಗಳನ್ನು ಹುಟ್ಟಿಸುತ್ತದೆ. ಮಸೂರಕ್ಕೆ ಮುಚ್ಚಳ ಹಾಕಿ, ನಕ್ಷತ್ರಗಳಿಗೆ ಕೊಡುವಷ್ಟೇ ಕಾಲ ತೆರೆದಿಟ್ಟು ಇಪ್ಪತ್ತು ಮೂವತ್ತು ಚಿತ್ರ ತೆಗೆದರೆ ಆ ಚುಕ್ಕೆಗಳ ನಕ್ಷೆ ಸಿಗುತ್ತದೆ. ನಿಜವಾದ ಚಿತ್ರದಿಂದ ಅದನ್ನು ಕಳೆಯಬಹುದು. ಸೆಕೆಯ ರಾತ್ರಿಗೊಂದು, ತಂಪಾದ ರಾತ್ರಿಗೊಂದು ಹೀಗೆ ಬೇರೆ ಬೇರೆ ಕಟ್ಟುಗಳನ್ನು ಮಾಡಿಡಿ. ಹಗಲಿನ ಏಕರೂಪದ ಬಿಳಿ ಮೋಡಕ್ಕೆ, ಮಸೂರದ ಮೇಲೆ ತೆಳುವಾದ ಬಿಳಿ ಬಟ್ಟೆ ಬಿಗಿದು ತೆಗೆದ ಚಿತ್ರಗಳು ಮಸೂರದ ಅಂಚಿನ ಮಬ್ಬನ್ನು ತಿದ್ದಲು ನೆರವಾಗುತ್ತವೆ. ಬೇಸಗೆಯಲ್ಲಿ ತೆಗೆದ ಹಳೆಯ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವುದನ್ನು ಕಲಿಯಲೂ ಇದೇ ಸಮಯ. ಒಂದೇ ಭಾಗದ 16 ಚಿತ್ರಗಳ ಸರಾಸರಿ ತೆಗೆದರೆ ಮರಳುಮರಳಾದ ಕಲೆ ಕಾಲು ಭಾಗಕ್ಕೆ ಇಳಿಯುತ್ತದೆ. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಮೊದಲಾದ ತಂತ್ರಾಂಶಗಳು ಇದಕ್ಕಾಗಿ ಉಚಿತವಾಗಿಯೇ ದೊರೆಯುತ್ತವೆ.

ಮೂರನೆಯದು ಮಸೂರದ ರಕ್ಷಣೆ. ಮಳೆಗಾಲದ ತೇವದಲ್ಲಿ ಉಪ್ಪಿನಕಾಯಿಗೆ ಬರುವಂತೆಯೇ ಮಸೂರಕ್ಕೂ ಬೂಷ್ಟು ಬರುತ್ತದೆ. ಒಮ್ಮೆ ಬಂದರೆ ಗಾಜಿನ ಲೇಪವನ್ನೇ ತಿನ್ನಬಲ್ಲದು. ಚರ್ಮದ ಚೀಲದಲ್ಲಿ ಎಂದೂ ಮುಚ್ಚಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳೊಡನೆ ಇಡಿ. ಹರಳುಗಳ ಬಣ್ಣ ಬದಲಾದಾಗ ಅವುಗಳನ್ನು ಮಾತ್ರ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಇಷ್ಟಾದ ಮೇಲೆ, ಮೋಡದ ನಡುವೆ ಸಿಗುವ ಬಿಡುವನ್ನು ಹಿಡಿಯುವ ಮಾತು. ಹವಾಮಾನ ಇಲಾಖೆ ಪ್ರಕಟಿಸುವ ಇನ್ಸಾಟ್ ಉಪಗ್ರಹದ ಅವಗೆಂಪು ಚಿತ್ರಗಳು ರಾತ್ರಿಯಲ್ಲೂ ಮೋಡಗಳ ಚಲನೆಯನ್ನು ತೋರಿಸುತ್ತವೆ. ಒಂದರ ನಂತರ ಒಂದರಂತೆ ನಾಲ್ಕಾರು ಚಿತ್ರ ನೋಡಿದರೆ ಬಿಡುವು ನಿಮ್ಮ ಕಡೆ ಬರುತ್ತಿದೆಯೇ ಎಂದು ತಿಳಿಯುತ್ತದೆ. ತಗ್ಗಿನ ಮೋಡಗಳು ಅದರಲ್ಲಿ ಮಸುಕಾಗಿ ಮಾತ್ರ ಕಾಣುವುದರಿಂದ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವುದನ್ನು ಬಿಡಬಾರದು. ತೆಳುಮೋಡವಿದ್ದರೆ ಚಂದ್ರನತ್ತ ತಿರುಗಿ. ಚಂದ್ರನೆಂದರೆ ಬಿಸಿಲಿಗೆ ಹಿಡಿದ ಬಂಡೆ; ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಬಿಡುವೇ ಅವನಿಗೆ ಸಾಕು. ಎತ್ತರದ ಹಿಮಕಣಗಳ ಮೋಡ ಅವನ ಸುತ್ತ 22 ಡಿಗ್ರಿಯ ಪರಿವೇಷ ಕಟ್ಟಿದ್ದರೆ ಮೋಡವೇ ಚಿತ್ರದ ವಸ್ತುವಾಗುತ್ತದೆ.

ಹಾಲುಹಾದಿಯ ಅತಿ ದಟ್ಟವಾದ ಭಾಗ ಸಂಜೆ ಕಾಣುವುದು ಮಳೆಗಾಲದಲ್ಲೇ ಎಂಬ ಕೊರಗು ಹಲವರಿಗಿದೆ. ಅದೇ ಭಾಗ ಮಾರ್ಚ್, ಏಪ್ರಿಲ್ ತಿಂಗಳ ಬೆಳಗಿನ ಜಾವ ತಿಳಿಯಾದ ಆಕಾಶದಲ್ಲಿ ಸಿಗುತ್ತದೆ; ಅಲಾರಂ ಇಟ್ಟು ಏಳಬೇಕು. ದಕ್ಷಿಣ ಕರ್ನಾಟಕದಲ್ಲಿ ಅದು ಸುಮಾರು 48 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನವರಿಗೆ ಹತ್ತು ಡಿಗ್ರಿಯೂ ಇಲ್ಲ.

ಸಿದ್ಧವಾಗಿರುವುದಕ್ಕೆ ಎಷ್ಟು ಬೆಲೆಯೆಂಬುದನ್ನು 2024ರ ಧೂಮಕೇತು ತೋರಿಸಿಕೊಟ್ಟಿತು. ತ್ಸುಚಿನ್‌ಶಾನ್–ಅಟ್ಲಾಸ್ ಎಂಬ ಆ ಧೂಮಕೇತುವನ್ನು ಸೆಪ್ಟೆಂಬರ್ ಕೊನೆಯ ಮುಂಜಾವುಗಳಲ್ಲಿ ಬೆಂಗಳೂರಿನಿಂದಲೂ ಹಲವರು ಚಿತ್ರದಲ್ಲಿ ಸೆರೆಹಿಡಿದರು. ಸಂಜೆ ಕಾಣುವಾಗ ನೋಡಿದರಾಯಿತು ಎಂದು ಕಾದವರಿಗೆ ಅಕ್ಟೋಬರ್ ಮಧ್ಯದಲ್ಲಿ ಎದುರಾದದ್ದು ನಗರವನ್ನು ತೋಯಿಸಿದ ಭಾರಿ ಮಳೆ. ಆ ಅತಿಥಿ ನಮ್ಮ ಜೀವಮಾನದಲ್ಲಿ ಮತ್ತೆ ಬರುವುದಿಲ್ಲ.

ವೃತ್ತಿಯ ಖಗೋಳಜ್ಞರಿಗೂ ಮೋಡದ ಕಾಟ ತಪ್ಪಿದ್ದಲ್ಲ. ಭಾರತೀಯ ಖಭೌತ ಸಂಸ್ಥೆ ತನ್ನ ಎರಡು ಮೀಟರ್ ದೂರದರ್ಶಕವನ್ನು ಮುಂಗಾರು ಮುಟ್ಟದ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿಟ್ಟು, ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ ನಡೆಸುತ್ತದೆ. ನಮಗೆ ನಿಮಗೆ ಹಾನ್ಲೆಯಿಲ್ಲ. ತಾರಸಿಯಿದೆ, ಎರಡು ಹಲಗೆಗಳಿವೆ. ಈ ವರ್ಷ ಆರಿದ್ರಾ ಮಳೆ ಹಿಡಿದಾಗ ಬಡಗಿಯಲ್ಲಿಗೆ ಹೋಗಿ ಬನ್ನಿ. ಆರಿದ್ರಾ ನಕ್ಷತ್ರ ಮೂಡುವ ಹೊತ್ತಿಗೆ ನಿಮ್ಮ ಸಾಧನ ಸಿದ್ಧವಾಗಿರಲಿ.