ಒಂದು ನಾಲೆಯ ವಸ್ತುಸಂಗ್ರಹಾಲಯ



ವಸ್ತುಸಂಗ್ರಹಾಲಯವೆಂದೊಡನೆ ಅರಸರ ಖಡ್ಗಗಳೂ ಶಿಲಾಪ್ರತಿಮೆಗಳೂ ನೆನಪಿಗೆ ಬರುವುದು ಸಹಜ. ನಾಲೆಗೂ ಒಂದು ಸಂಗ್ರಹಾಲಯವುಂಟೆ? ಉಂಟು. ಜಪಾನಿನ ಕ್ಯೋಟೋ ನಗರದ ಕೆಯಾಗೆ ಎಂಬಲ್ಲಿ, ಬಿವಾ ಸರೋವರದ ನಾಲೆಗೆಂದೇ 1989ರಲ್ಲಿ ಅಂಥದೊಂದನ್ನು ತೆರೆದರು.

ಸಾವಿರ ವರ್ಷಗಳಿಗೂ ಮೀರಿ ರಾಜಧಾನಿಯಾಗಿದ್ದ ಕ್ಯೋಟೋವನ್ನು ಬಿಟ್ಟು ಚಕ್ರವರ್ತಿಗಳು 1869ರಲ್ಲಿ ಟೋಕಿಯೋ ಸೇರಿದರು. ಅರಮನೆಯನ್ನು ನೆಚ್ಚಿದ್ದ ಕಸಬುಗಳು ಸೊರಗಿದವು; ಜನಸಂಖ್ಯೆ ಇಳಿಯಿತು. ಊರು ಮತ್ತೆ ಚೇತರಿಸಿಕೊಳ್ಳಲೆಂದು ಪ್ರಾಂತಾಧಿಕಾರಿಗಳಾದ ಕಿಟಗಾಕಿ ಕುನಿಮಿಚಿಯವರು ಬೆಟ್ಟದಾಚೆಯ ಸರೋವರದ ನೀರನ್ನು ತರಲು ನಿಶ್ಚಯಿಸಿ, ಆಗತಾನೆ ವಿದ್ಯಾಭ್ಯಾಸ ಮುಗಿಸಿದ್ದ ತನಾಬೆ ಸಾಕುರೋ ಎಂಬ ತರುಣ ಇಂಜಿನಿಯರಿಗೆ ಕೆಲಸವನ್ನು ಒಪ್ಪಿಸಿದರು. 1885ರಲ್ಲಿ ಆರಂಭವಾದ ನಾಲೆ 1890ರಲ್ಲಿ ಮುಗಿಯಿತು. ಮೊದಲನೆಯ ಸುರಂಗವೊಂದೇ 2,436 ಮೀಟರು ಉದ್ದ. ಅದನ್ನು ಎರಡು ಬಾಯಿಗಳಿಂದ ಕೊರೆದುದಲ್ಲದೆ, ಬೆಟ್ಟದ ಮೇಲಿನಿಂದ ಬಾವಿಯಂತೆ ಕುಳಿ ತೋಡಿ, ಅದರ ತಳದಿಂದಲೂ ಇಕ್ಕೆಲಕ್ಕೆ ಕೊರೆದರು.

ಈ ನೀರಿನಿಂದ ಗಿರಣಿಗಳ ಚಕ್ರಗಳನ್ನು ತಿರುಗಿಸಬೇಕೆಂಬುದು ಮೊದಲ ಆಲೋಚನೆ. 1888ರಲ್ಲಿ ಅಮೆರಿಕೆಗೆ ಹೋದ ತನಾಬೆಯವರು ಆಸ್ಪೆನ್ ಎಂಬ ಗಣಿಯೂರಿನಲ್ಲಿ ಜಲಬಲದಿಂದ ವಿದ್ಯುಚ್ಛಕ್ತಿ ಹುಟ್ಟುವುದನ್ನು ಕಂಡರು. ಕೆಲಸದ ನಡುವೆಯೇ ಯೋಜನೆ ಬದಲಾಯಿತು. ಕೆಯಾಗೆಯ ವಿದ್ಯುದಾಗಾರವು 1891ರಲ್ಲಿ, ಎಂದರೆ ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟುವುದಕ್ಕೆ 11 ವರ್ಷ ಮುಂಚೆ, ನಡೆಯತೊಡಗಿತು. 1895ರಲ್ಲಿ ಕ್ಯೋಟೋದ ಬೀದಿಗಳಲ್ಲಿ ವಿದ್ಯುತ್ ಟ್ರಾಮು ಓಡಿತು.

ಸಂಗ್ರಹಾಲಯದಲ್ಲಿ ಆ ಕಾಲದ ನಕ್ಷೆಗಳೂ ಪೆಲ್ಟನ್ ಜಲಚಕ್ರವೂ ಇವೆ. ಸಮೀಪದಲ್ಲೇ 582 ಮೀಟರಿನ ಇಳಿಜಾರಿನ ಹಳಿಗಳು. ದೋಣಿಗಳನ್ನು ಗಾಡಿಯ ಮೇಲೇರಿಸಿ ಇವುಗಳ ಮೇಲೆ ಹತ್ತಿಸಿ ಇಳಿಸುತ್ತಿದ್ದರು. 1948ರಲ್ಲಿ ಆ ಸಂಚಾರ ನಿಂತಿತು. ನಾಲೆಯಾದರೋ ನಿಲ್ಲಲಿಲ್ಲ, ಕ್ಯೋಟೋದ ಜನ ಇಂದಿಗೂ ಕುಡಿಯುವುದು ಆ ಸರೋವರದ ನೀರನ್ನೇ.

ಹರಿಯುತ್ತಿರುವ ನಾಲೆಗೆ ಸಂಗ್ರಹಾಲಯವೇಕೆಂದು ಯಾರಾದರೂ ಕೇಳಬಹುದು. ನಾಲೆಯ ದಡದಲ್ಲಿ ನಿಂತವನಿಗೆ ಕಾಣುವುದು ನೀರು ಮಾತ್ರ. ನಡುವೆ ತಿದ್ದಿಕೊಂಡ ಆಲೋಚನೆ ಕಾಣದು. ಕತ್ತಲಲ್ಲಿ ಬಂಡೆಯೊಡೆದವರ ಶ್ರಮವೂ ಕಾಣದು. ಆ ಕೆಲಸದಲ್ಲಿ 17 ಮಂದಿ ಪ್ರಾಣ ತೆತ್ತರು. ಅವರ ನೆನಪಿಗಾಗಿ ತನಾಬೆಯವರು ಸ್ವಂತ ಹಣದಿಂದ ಕಲ್ಲೊಂದನ್ನು ನೆಡಿಸಿದರು. ಉಪಯೋಗವು ತಾನಾಗಿಯೇ ಉಳಿಯುತ್ತದೆ. ಅದಕ್ಕೆ ತೆತ್ತ ಬೆಲೆಯ ನೆನಪನ್ನು ಮಾತ್ರ ನಾವು ಉಳಿಸಿಕೊಳ್ಳಬೇಕು.

ನಮ್ಮ ನಾಡಿನಲ್ಲಿಯೂ ಗದ್ದೆಗಳಿಗೆ ನೀರೂಡುವ ನಾಲೆಗಳು ಅನೇಕವಿವೆ. ಅವುಗಳನ್ನು ಕಟ್ಟಿಸಿದವರ ಹೆಸರನ್ನು ನಾವು ಬಲ್ಲೆವು. ಅಗೆದವರ ಹೆಸರನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?