ಕಮರಿಯ ಬೆಳಕು, ಬಂಡೆಯ ಬಣ್ಣ



ಕಡಿದಾದ ಕಮರಿಯ ಚಿತ್ರ ತೆಗೆಯಲು ದೂರದ ಮರುಭೂಮಿಗೇ ಹೋಗಬೇಕಾಗಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಯ ನಿಮಗೆ ನಮ್ಮ ಜಿಲ್ಲೆಯ ಗೋಕಾಕ ಜಲಪಾತವೇ ಇದೆ. ಅಲ್ಲಿ ಘಟಪ್ರಭಾ ನದಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕಿ, ಮರಳುಗಲ್ಲಿನ ಕಮರಿಯಲ್ಲಿ ಹರಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಯ ಪದರಗಳು ಕಾಣುತ್ತವೆ.

ನೆತ್ತಿಯ ಬಿಸಿಲಿನಲ್ಲಿ ಈ ಪದರಗಳು ಚಪ್ಪಟೆಯಾಗಿ ತೋರುತ್ತವೆ. ಬೆಳಗು, ಸಂಜೆಯ ಓರೆಬಿಸಿಲು ಅವನ್ನು ಎತ್ತಿ ತೋರಿಸುತ್ತದೆ. ಆದರೆ ಆಗ ಒಂದು ಬದಿ ಹೊಳೆದರೆ ಇನ್ನೊಂದು ಕತ್ತಲು. ಕಣ್ಣು ಎರಡನ್ನೂ ಕಾಣಬಲ್ಲದು, ಕ್ಯಾಮೆರಾಕ್ಕೆ ಅದು ಕಷ್ಟ. ಫಿಲಂ ನೆಗೆಟಿವಿನ ಕಾಲದಲ್ಲಿ ನೆರಳಿನ ಭಾಗಕ್ಕೆ ಸಾಕಷ್ಟು ಬೆಳಕು ಕೊಡಬೇಕಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ನಿಯಮ ತಿರುವುಮುರುವು: ಹೊಳೆಯುವ ಬಂಡೆ ಅಚ್ಚಬಿಳಿಯಾಗದಂತೆ ಬೆಳಕು ತಗ್ಗಿಸಿ. ‘ರಾ’ ಫೈಲಾಗಿ ಉಳಿಸಿದರೆ ನೆರಳಿನ ವಿವರವನ್ನು ಕಂಪ್ಯೂಟರಿನಲ್ಲಿ ಬಹಳಮಟ್ಟಿಗೆ ಹೊರತರಬಹುದು. ಪೂರ್ತಿ ಬಿಳಿಯಾದ ಭಾಗ ಮರಳಿ ಬಾರದು.

ಬಣ್ಣ ತಿದ್ದುವಾಗ ಆಸೆ ಮಿತಿಮೀರುವುದುಂಟು. ಬಂಡೆಯನ್ನು ಕೆಂಡದಂತೆ ಕೆಂಪಾಗಿಸಿದರೆ ಚಿತ್ರ ಚೆನ್ನಾಗಿರಬಹುದು, ಅದು ನೀವು ಕಂಡ ಗೋಕಾಕ ಅಲ್ಲ. ಕಂಡ ಬಣ್ಣವನ್ನು ಅಲ್ಲಿಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ತಿದ್ದುವಾಗ ಅದೇ ನಿಮ್ಮ ಅಳತೆಗೋಲು.

ಕೊನೆಯ ಮಾತು: ಕಮರಿಯ ಅಂಚಿನಿಂದ ದೂರ ನಿಲ್ಲಿರಿ. ಯಾವ ಚಿತ್ರವೂ ಜೀವಕ್ಕಿಂತ ದೊಡ್ಡದಲ್ಲ.